ಸಿಲಿಂಡರಿಗೊಂದು ಹಿಡಿ

ಯಲಹಂಕ ಹಳೇ ಟೌನಿನ ಅನಂತರಾಜುವನ್ನು ಬೈದರೆ ಅವನಿಗೆ ಸಿಟ್ಟು ಬರುತ್ತಿತ್ತು. ಅವನ ಊರನ್ನು ಬೈದರೆ ಇನ್ನೂ ಸ್ವಲ್ಪ ಹೆಚ್ಚು ಬರುತ್ತಿತ್ತು. ಅವನ ಕಾರಿನ ಇಂಜಿನ್ನನ್ನು ಬೈದರೆ ಮಾತ್ರ ಪಂಚೆ ಎತ್ತಿ ಕಟ್ಟಿಕೊಂಡು ಬೀದಿಗೆ ಇಳಿಯುತ್ತಿದ್ದ.

ಜಾಲಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ, ಕಿಟಕಿಯ ಹಿಂದೆ ನಿಂತು ನಟ್ಟು ಬೋಲ್ಟು ಕೊಡುತ್ತ ನಿವೃತ್ತನಾದವನು ಅವನು. ಅಷ್ಟು ವರ್ಷ ಯಂತ್ರಗಳ ಪಕ್ಕದಲ್ಲಿ ಕಳೆದ ಮೇಲೆ ಯಂತ್ರಜ್ಞಾನ ತಾನಾಗಿಯೇ ಮೈಗೆ ಹತ್ತಿರುತ್ತದೆ ಎನ್ನುವುದು ಅವನ ನಂಬಿಕೆ. ಛತ್ರದ ಬಾಗಿಲಲ್ಲಿ ಚಪ್ಪಲಿ ಕಾಯುವವನಿಗೂ ಒಂದೊಂದು ದಿನ ತನಗೆ ಹುಳಿ ಮಾಡಲು ಬರುತ್ತದೆ ಅನ್ನಿಸುತ್ತಿರಬಹುದು.

ಕಾರು ಬೆಣ್ಣೆ ಬಣ್ಣದ್ದು, ಸಣ್ಣದು, ಪೆಟ್ರೋಲಿನದು. ಎಂಟುನೂರು ಸಿಸಿಗೆ ನಾಲ್ಕು ಕಡಿಮೆ, ಮೂರು ಸಿಲಿಂಡರು, ಮೂವತ್ತೇಳು ಕುದುರೆಗಳ ಶಕ್ತಿ. ಈ ಅಂಕಿಗಳನ್ನು ಅವನು ಮದುವೆ ಪಂಕ್ತಿಯಲ್ಲಿ, ಹಾಲಿನ ಬೂತಿನಲ್ಲಿ, ಒಮ್ಮೆ ಸಾವಿನ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಾಗಲೂ ಹೇಳಿದ್ದುಂಟು. ಕೇಳುವವರು ಸಹಿಸಿಕೊಳ್ಳುತ್ತಿದ್ದರು. ಕಾರಣವಿತ್ತು. ಬೀದಿಯ ಎಷ್ಟೋ ಬಸುರಿಯರು ಹೆರಿಗೆಗೆ ಹೋದದ್ದು ಆ ಕಾರಿನಲ್ಲಿ. ಎದುರು ಮನೆಯ ನರಸಯ್ಯನ ತಾಯಿಗೆ ಎದೆನೋವು ಬಂದಾಗ ಓಡಿದ್ದೂ ಅದೇ. ಒಂದು ದಿನವೂ ಅದು ಕೈಕೊಟ್ಟಿರಲಿಲ್ಲ.

ಒಂದು ಸಲ ಈ ನರಸಯ್ಯ ಬೇರೆ ಕೆಲಸವಿಲ್ಲದೆ, "ಈಗಿನ ಕಾರುಗಳಿಗೆಲ್ಲ ನಾಲ್ಕು ಸಿಲಿಂಡರ್ ಇರ್ತಾವಂತಲ್ಲ ರಾಜಣ್ಣ, ನಿಮ್ದಕ್ಕೆ ಮೂರೇ ಯಾಕೆ?" ಎಂದು ಕೇಳಿದ್ದ.

"ನರಸಯ್ಯ, ಒಲೆಗೆ ಕಲ್ಲು ಎಷ್ಟು?"

"ಮೂರು."

"ನಾಲ್ಕು ಕಲ್ಲು ಇಟ್ಟು ಅಡುಗೆ ಮಾಡ್ದೋರನ್ನ ನೋಡಿದ್ದೀರಾ? ಮೂರಿದ್ರೆ ಪಾತ್ರೆ ಅಲ್ಲಾಡಲ್ಲ. ನಾಲ್ಕಿದ್ರೆ ಒಂದು ಯಾವಾಗ್ಲೂ ಗಾಳೀಲಿ. ಬಲ್ಲೋರು ಮಾಡಿರೋ ಇಂಜಿನ್ ಇದು."

ಆ ಹೊತ್ತಿಗೆ ಕಾರು ಸ್ಟಾರ್ಟ್ ಆಗಿ ನಿಂತಿತ್ತು. ಅದರ ಬಾಗಿಲು, ಬಂಪರು, ನಂಬರ್ ಪ್ಲೇಟು ಎಲ್ಲವೂ ಚಳಿಜ್ವರ ಬಂದವರ ಹಾಗೆ ನಡುಗುತ್ತಿದ್ದವು. ನರಸಯ್ಯ ಅದನ್ನು ನೋಡಿದ, ಅನಂತರಾಜುವಿನ ಮುಖವನ್ನೂ ನೋಡಿದ, ಸುಮ್ಮನಾದ. ನೆರೆಹೊರೆ ಉಳಿಯುವುದು ಇಂಥ ಸುಮ್ಮನಿರುವಿಕೆಯಿಂದಲೇ.

ಬೀದಿಯಲ್ಲಿ ಕಾರಿಟ್ಟವರಿಗೆಲ್ಲ ಇಲಿಯ ಕಾಟ. ರಾತ್ರಿ ಬಾನೆಟ್ಟಿನೊಳಗೆ ಸೇರಿ ವೈರು ಕಡಿದು ಹಾಕುತ್ತಿದ್ದವು. ಕೊಲ್ಲೋಣವೆಂದರೆ ಅನಂತರಾಜುವಿನ ಹೆಂಡತಿ ಗೌರಮ್ಮ ಬಿಡಳು. ಗಣಪತಿಯ ವಾಹನಕ್ಕೆ ವಿಷ ಇಟ್ಟು ನಮ್ಮ ವಾಹನ ಉಳಿಸಿಕೊಳ್ಳುವುದು ಯಾವ ನ್ಯಾಯ ಎನ್ನುವುದು ಅವಳ ಮಾತು. ಹೊಗೆಸೊಪ್ಪು ಇಟ್ಟು ನೋಡಿದರು. ಅದನ್ನು ನರಸಯ್ಯನ ತಾಯಿ ಎತ್ತಿಕೊಂಡು ಹೋಗಿ ಎಲೆಯಡಿಕೆಯ ಜೊತೆ ಹಾಕಿಕೊಂಡರು. ಕೊನೆಗೆ ಅನಂತರಾಜುವೇ ಒಂದು ಉಪಾಯ ಕಂಡುಹಿಡಿದ. ಹಸಿದ ಇಲಿ ತಾನೇ ವೈರು ಕಡಿಯುವುದು? ಪ್ರತಿ ಮಂಗಳವಾರ ಸಂಜೆ ಬಾನೆಟ್ ಎತ್ತಿ, ಊದುಬತ್ತಿ ಬೆಳಗಿ, ಇಂಜಿನ್ನಿನ ಪಕ್ಕದಲ್ಲಿ ಸಿಪ್ಪೆ ಸಮೇತ ಕಡ್ಲೆಕಾಯಿ ಇಡತೊಡಗಿದ. ಲೆಕ್ಕ ಸಿಲಿಂಡರಿಗೊಂದು ಹಿಡಿ. ಬೆಳಿಗ್ಗೆ ನೋಡಿದರೆ ಒಂದು ಕಾಯಿಯೂ ಇರುತ್ತಿರಲಿಲ್ಲ, ಒಂದು ವೈರೂ ಕಡಿದಿರುತ್ತಿರಲಿಲ್ಲ. ಇಲಿ ಪ್ರಸಾದ ಸ್ವೀಕರಿಸಿದೆ ಎಂದು ಅವನು ಬೀದಿಗೆಲ್ಲ ಸಾರಿದ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ಹಿಂದಿನ ಆಯುಧಪೂಜೆಯಲ್ಲಿ ಅವನು ಇಂಜಿನ್ನಿಗೇ ನೇರವಾಗಿ ಪೂಜೆ ಮಾಡಿದ್ದ. ಬಾನೆಟ್ಟಿನೊಳಗೆ ಮುಖದ ಹಾಗೆ ಎದ್ದು ಕಾಣುವುದು ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಮಾತ್ರ. ಅದು ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಡಬ್ಬಿ, ಅಂದರೆ ಅದರ ಮೂಗು. ಅನಂತರಾಜು ಮೂಗಿಗೇ ಕುಂಕುಮ ಇಟ್ಟು, ಅರಿಶಿಣದ ಕೊಂಬು ಕಟ್ಟಿದ ದಾರವನ್ನು ಅದಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದ. ಬರುವ ಆಯುಧಪೂಜೆಯ ತನಕ ದಾರವನ್ನು ಯಾರೂ ಬಿಚ್ಚಕೂಡದು ಎಂದು ಮೆಕ್ಯಾನಿಕ್ ಮುಜಫ್ಫರನಿಗೂ ಕಟ್ಟಪ್ಪಣೆಯಾಗಿತ್ತು.

ಹೀಗಿರುವಾಗ ಗೌರಿ ಹಬ್ಬ ಬಂತು. ಗೌರಮ್ಮನ ತಮ್ಮ ಮುನಿರತ್ನ ಅಕ್ಕನಿಗೆ ತವರಿನ ಬಾಗಿನ ಹೊತ್ತು ರಾಜಾನುಕುಂಟೆಯಿಂದ ಬಂದ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸೈಟು ಬೆಳೆದವನು ಅವನು. ಅವನ ಕಾರು ಲಾರಿಗೆ ಖಾಸಾ ತಮ್ಮನ ಹಾಗಿತ್ತು. ಅದನ್ನು ನಿಲ್ಲಿಸಿದ ಮೇಲೆ ಬೀದಿಯಲ್ಲಿ ನಾಯಿಗೂ ದಾರಿ ಉಳಿಯಲಿಲ್ಲ.

ಹೋಳಿಗೆ ಮುರಿಯುತ್ತ ಮುನಿರತ್ನ ಮಾತು ತೆಗೆದ. "ಭಾವ, ಆ ಡಬ್ಬನ ಗುಜರಿಗೆ ಆಕ್ಬಿಡಿ. ಅಕ್ಕನ್ನ ಇನ್ನೆಷ್ಟ್ ವರ್ಸ ಅದ್ರಲ್ಲಿ ಕುಲುಕುಸ್ತೀರಾ? ಮೂವತ್ತೇಳು ಕುದ್ರೆ ಅಂತೀರಲ್ಲ, ಅದ್ರಲ್ಲಿ ಎದ್ದು ನಿಂತಿರೋವು ಎಷ್ಟು?"

ಅನಂತರಾಜುವಿನ ಕೈಯಲ್ಲಿದ್ದ ಹೋಳಿಗೆ ಎಲೆಗೆ ಮರಳಿತು. "ಹೋದ ತಿಂಗಳು ನಿನ್ನ ಆನೆ ಎಲ್ಲಿತ್ತಪ್ಪಾ? ವರ್ಕ್‌ಶಾಪಲ್ಲಿ ಮಲಗಿತ್ತಲ್ವಾ? ಇಲಿ ವೈರು ಕಡಿದು ಹಾಕಿ, ಟೆಂಪೋ ಮೇಲೆ ಎತ್ಕೊಂಡು ಹೋಗಿದ್ದು ಇಡೀ ರಾಜಾನುಕುಂಟೆ ನೋಡಿದೆ. ನನ್ನ ಕಾರಿನ ವೈರು ಮುಟ್ಟಿದ್ಯಾ ಇಲಿ? ಮಂಗಳವಾರಕ್ಕೆ ಕಡ್ಲೆಕಾಯಿ ಇಟ್ಟು ನೋಡು."

"ಇಲೀಗೆ ಊಟ ಇಕ್ಕಿ ಕಾರ್ ಕಾಯೋದಾ?" ಮುನಿರತ್ನ ನಕ್ಕ ರಭಸಕ್ಕೆ ಹೂರಣ ಗಂಟಲಲ್ಲಿ ಸಿಕ್ಕಿಕೊಂಡಿತು. "ಕೇಳ್ದಾ ಅಕ್ಕ, ಭಾವನ ಇಂಜಿನಿಯರಿಂಗ್ ಇಂಗದೆ."

ಆ ನಗು ಅನಂತರಾಜುವಿನ ನೆತ್ತಿಗೇರಿತು. ಎಂಜಲು ಕೈಯನ್ನೇ ಮೂಲೆಯಲ್ಲಿ ಪೂಜೆಗೆ ಕೂರಿಸಿದ್ದ ಗೌರಿಯ ಕಡೆಗೆ ಚಾಚಿದ. "ಕೇಳು ಮುನಿರತ್ನ. ನನ್ನ ಇಂಜಿನ್ ಒಂದೇ ಒಂದು ದಿನ ನಡುರಸ್ತೇಲಿ ನಿಂತ್ರೆ, ನಾನೇ ಗುಜರಿಯವನನ್ನ ಕರೆಸಿ ಎತ್ತಿ ಕೊಡ್ತೀನಿ. ಈ ತಾಯಿ ಮುಂದೆ ಆಣೆ."

ತುಪ್ಪ ಬಡಿಸುತ್ತಿದ್ದ ಗೌರಮ್ಮನ ಮಿಳ್ಳೆ ಗಾಳಿಯಲ್ಲೇ ನಿಂತಿತು. "ಹಬ್ಬದ ದಿನ ದೇವ್ರ ಮುಂದೆ ಇಂಥ ಮಾತು ಬೇಕಿತ್ತೇನ್ರೀ?"

ಕೈತೊಳೆಯುವಾಗ ನಲ್ಲಿಯ ಹತ್ತಿರ ಮುನಿರತ್ನ ದನಿ ತಗ್ಗಿಸಿದ. "ಅಲ್ಲ ಭಾವ, ಸುಮ್ನೆ ಕೇಳ್ತೀನಿ. ಆ ಕಡ್ಲೆಕಾಯಿ ಎಷ್ಟ್ ಇಕ್ಬೇಕು?"

"ಸಿಲಿಂಡರಿಗೊಂದು ಹಿಡಿ. ಹುರಿದಿದ್ದಲ್ಲ, ಹಸೀದು."

ಟವೆಲ್ ಹಿಡಿದು ಹಿಂದೆ ನಿಂತಿದ್ದ ಗೌರಮ್ಮ ಇದನ್ನೂ ಕೇಳಿಸಿಕೊಂಡಳು.

ಅದಾಗಿ ಕೆಲವು ವಾರಕ್ಕೆ ಆರ್.ಟಿ. ನಗರದ ನೆಂಟರ ಮನೆಯಲ್ಲಿ ನಾಮಕರಣ. ಮುನಿರತ್ನ ತನ್ನ ಆನೆಯನ್ನು ಅಕ್ಕನ ಮನೆಯ ಮುಂದೆ ಬಿಟ್ಟು, "ಕುದ್ರೆ ಎಣಿಸ್ಕಂಡೇ ಬತ್ತೀನಿ" ಎಂದು ಭಾವನ ಪಕ್ಕದ ಸೀಟಿನಲ್ಲಿ ಕೂತ. ಕಾರು ಅವನ ಕಡೆಗೆ ವಾಲಿತು. ಗೌರಮ್ಮ ರೇಷ್ಮೆ ಸೀರೆಯಲ್ಲಿ, ಮಗುವಿಗೆಂದು ತಂದ ಬೆಳ್ಳಿ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು.

ಕೊಡಿಗೇಹಳ್ಳಿ ಗೇಟಿನ ತನಕ ಅಡ್ಡಿಯಿರಲಿಲ್ಲ. ಹೆಬ್ಬಾಳದ ಫ್ಲೈಓವರ್ ಏರತೊಡಗಿದಾಗ ಇಂಜಿನ್ನು ನರಳಿತು. ಅನಂತರಾಜು ಎರಡನೇ ಗೇರಿಗೆ ಬಂದ, ಮೊದಲನೆಯದಕ್ಕೆ ಬಂದ. ಅದಕ್ಕಿಂತ ಕೆಳಗೆ ಗೇರು ಇರಲಿಲ್ಲ. ಏರಿನ ನಟ್ಟನಡುವೆ ಕಾರು ಒಮ್ಮೆ ಬಿಕ್ಕಳಿಸಿ ನಿಂತುಹೋಯಿತು. ಹಿಂದೆ ಏರ್‌ಪೋರ್ಟ್ ಟ್ಯಾಕ್ಸಿಗಳೆಲ್ಲ ಒಟ್ಟಿಗೆ ಹಾರ್ನ್ ಮಾಡಿದವು.

ಟ್ರಾಫಿಕ್ ಪೇದೆ ಬಂದ. "ಯಾಕ್ ಸಾರ್ ಇಲ್ಲಿ ನಿಲ್ಸಿದ್ದೀರಾ?"

"ನಾನು ನಿಲ್ಸಿಲ್ಲ."

"ಹಾಗಾದ್ರೆ ತಾನಾಗೇ ನಿಂತಿದ್ಯಾ?"

ಅನಂತರಾಜು ಬಾಯಿ ತೆರೆದ, ಗೌರಿಯ ಮುಂದೆ ಮಾಡಿದ ಆಣೆ ನೆನಪಾಗಿ ಮುಚ್ಚಿದ. "ತಾನಾಗೂ ನಿಂತಿಲ್ಲ."

"ನೀವೂ ನಿಲ್ಸಿಲ್ಲ, ಅದೂ ನಿಂತಿಲ್ಲ ಅಂದ್ರೆ ಗಾಡಿ ಹೋಗ್ತಿರ್ಬೇಕಲ್ಲ ಸಾರ್."

"ಅದು ನಿಂತಿಲ್ಲ ಕಣಯ್ಯಾ, ಸುಧಾರಿಸ್ಕೊಳ್ತಾ ಇದೆ. ಮೂರು ಸಿಲಿಂಡರ್ ಇಂಜಿನ್ನಿನ ಗುಣ ನಿನಗೇನು ಗೊತ್ತು?"

ಮುನಿರತ್ನ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ನಿಂತದೆ ಸಾರ್. ನಾನ್ ಸಾಕ್ಷಿ. ನಡುರಸ್ತೇನಲ್ಲಿ ನಿಂತದೆ ಅಂತ್ಲೇ ಬರ್ಕಳಿ."

ಬಿಸಿಲಿನಲ್ಲಿ, ಬೆಳ್ಳಿ ಬಟ್ಟಲು ಹಿಡಿದು, ಸೆರಗಿನಿಂದ ಮೂಗು ಮುಚ್ಚಿ ಗೌರಮ್ಮ ತಡೆಗೋಡೆಯ ಪಕ್ಕ ನಿಂತಿದ್ದಳು. ಹೋಗುವ ಬಸ್ಸಿನವರೆಲ್ಲ ಕಿಟಕಿಯಿಂದ ಅವಳನ್ನು ನೋಡುತ್ತಿದ್ದರು. ಅವಳು ಕೈ ಅಡ್ಡ ಹಾಕಿ, ಬಂದ ಆಟೋ ಹತ್ತಿದಳು. ಆಟೋ ಏರನ್ನು ಸಲೀಸಾಗಿ ಹತ್ತಿ ಮರೆಯಾಯಿತು.

"ಅದುಕ್ಕೆ ಒಂದೇ ಸಿಲಿಂಡರು ಭಾವ," ಎಂದ ಮುನಿರತ್ನ.

ಆಮೇಲೆ ಅವನು ನಗುವುದನ್ನು ನಿಲ್ಲಿಸಿದ. "ನನ್ ಅಕ್ಕ ಬಿಸ್ಲಲ್ಲಿ ನಿಂತಿದ್ದು ನೋಡುದ್ರಾ? ಇನ್ ತಮಾಸೆ ಇಲ್ಲ. ಬರೋ ಭಾನುವಾರ ಗುಜರಿ ಅಬ್ರಾರ್‌ನ ಕರ್ಕಂಡ್ ಬತ್ತೀನಿ. ಮಾತು ನೀವೇ ಕೊಟ್ಟಿರೋದು."

ಮಾತು ಕೊಟ್ಟಿದ್ದು ನಿಜ. ಆದರೆ ನಿಂತದ್ದು ಇಂಜಿನ್ನಿನ ತಪ್ಪಿನಿಂದಲ್ಲ ಎಂದು ತೋರಿಸಿಕೊಟ್ಟರೆ? ಆಗ ನಿಂತದ್ದು ನಿಂತ ಹಾಗೆ ಆಗುವುದಿಲ್ಲ, ನಿಲ್ಲಿಸಲ್ಪಟ್ಟ ಹಾಗೆ ಆಗುತ್ತದೆ. ಕೋರ್ಟಿನಲ್ಲಿ ಇಂಥ ವಾದಗಳಿಗೆ ವಕೀಲರು ಬೇಕಾಗುತ್ತಾರೆ. ಅನಂತರಾಜುವಿಗೆ ಸಿಟ್ಟೊಂದೇ ಸಾಕಾಯಿತು. ಯಾರಾದರೊಬ್ಬ ಅಪರಾಧಿ ಭಾನುವಾರದೊಳಗೆ ಸಿಗಬೇಕಿತ್ತು.

ಮೊದಲು ಸಿಕ್ಕಿದ್ದು ಪೆಟ್ರೋಲ್ ಬಂಕು.

"ನೀರು ಬೆರೆಸಿ ಮಾರ್ತೀರಾ?" ಎಂದು ಅವನು ಸೀದಾ ಮ್ಯಾನೇಜರಿನ ಕೋಣೆಗೇ ನುಗ್ಗಿದ. ಮ್ಯಾನೇಜರ್ ಒಳ್ಳೆಯವನು. ಫಿಲ್ಟರ್ ಪೇಪರ್ ತಂದು, ಅದರ ಮೇಲೆ ಪೆಟ್ರೋಲಿನ ಹನಿ ಬಿಟ್ಟು ತೋರಿಸಿದ. ಹನಿ ಆರಿತು, ಕಲೆ ಉಳಿಯಲಿಲ್ಲ.

"ಪೇಪರ್ ಸರಿಯಿಲ್ಲ," ಎಂದ ಅನಂತರಾಜು.

ಇನ್ನೊಂದು ಪೇಪರ್ ಬಂತು. ಅದರಲ್ಲೂ ಕಲೆಯಿಲ್ಲ.

"ಇದೂ ಅದೇ ಕಟ್ಟಿನ ಪೇಪರ್ ತಾನೆ?"

ಹೊರಗೆ ಅವನ ಕಾರಿನ ಹಿಂದೆ ಸಾಲುಗಟ್ಟಿದ ಸ್ಕೂಟರಿನವರು ಗೊಣಗಿದರು. ಮ್ಯಾನೇಜರ್ ಕೈಮುಗಿದ. "ಸಾರ್, ಇನ್ನುಳಿದಿರೋದು ಒಂದೇ ಪರೀಕ್ಷೆ. ಕುಡಿದು ತೋರಿಸ್ಲಾ?"

ಅನಂತರಾಜು ಸ್ವಲ್ಪ ಹೊತ್ತು ಅದನ್ನೂ ಯೋಚಿಸಿದ. ಸ್ಕೂಟರಿನವರೇ ಅವನನ್ನು ಹೊರಗೆ ಕರೆದುಕೊಂಡು ಬಂದರು.

ಎರಡನೆಯ ಅಪರಾಧಿ ಮುಜಫ್ಫರ್. ರೈಲ್ವೆ ಗೇಟಿನ ಹತ್ತಿರ ಅವನ ಗ್ಯಾರೇಜು. ಈ ಕಾರನ್ನು ಅದರ ಹರೆಯದಿಂದಲೂ ಬಲ್ಲವನು.

"ಪ್ಲಗ್ ಹೊಸದು ಹಾಕ್ದೆ ರಾಜಣ್ಣ. ಪೆಟ್ರೋಲ್ ಫಿಲ್ಟರ್ ಹಾಕ್ದೆ. ಕಾಯಿಲ್ ನೋಡ್ದೆ. ಪಂಪು ನೋಡ್ದೆ. ಬೆಲ್ಟು ನೋಡ್ದೆ. ಇನ್ನೇನ್ ನೋಡ್ಲಿ?"

"ಅದನ್ನ ನನ್ನ ಕೇಳ್ತೀಯಾ? ಇಷ್ಟು ವರ್ಷ ನನ್ನ ಕಾರಿನ ಮೇಲೆ ಕಲ್ತು ನನಗೇ ಬುದ್ಧಿ ಹೇಳ್ತೀಯಾ?"

"ಆ ದಾರ ಕಟ್ಟಿರೋ ಡಬ್ಬಿ ಒಂದು ಬಾಕಿ ಇದೆ."

"ಅದನ್ನ ಮುಟ್ಟಿದ್ರೆ ಕೈ ಕಡಿತೀನಿ."

"ಅರೆ, ನಾನ್ಯಾಕ್ ಮುಟ್ಲಿ? ನಿಮ್ಮ ಪೂಜೆ ದಾರ ಬಿಚ್ಚಿ ನಾಳೆ ಎಲ್ಲಾದ್ರೂ ಗುದ್ದಿದ್ರೆ, ಮುಜಫ್ಫರ್ ಬಿಚ್ಚಿದ್ದಕ್ಕೇ ಆಯ್ತು ಅಂತೀರಾ. ಬೇಡಪ್ಪಾ. ನನ್ನ ಪ್ರಕಾರ ಇಂಜಿನ್ನಿಗೆ ವಯಸ್ಸಾಗಿದೆ, ಸಿಲಿಂಡರ್ ಸವೆದು ಬೋರಿಗೆ ಬಂದಿದೆ. ಬಿಚ್ಚಿ ಕಟ್ಟಿಸ್ಬೇಕು."

"ವಯಸ್ಸು ನಿನಗಾಗಿದೆ. ನಿನ್ನನ್ನ ಬಿಚ್ಚಿ ಕಟ್ಟಿಸ್ಬೇಕು," ಎಂದು ಹೇಳಿ ಅನಂತರಾಜು ಕಾರು ತಂದ. ಗ್ಯಾರೇಜಿನಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಹಂಪ್ ಇದೆ. ಕಾರು ಅದರ ಮೇಲೆ ಹತ್ತಿ, ಅಲ್ಲೇ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿತು. ಇಸ್ಕೂಲು ಬಿಟ್ಟ ಮಕ್ಕಳು ತಳ್ಳಿಕೊಂಡು ಮನೆ ಮುಟ್ಟಿಸಿದವು.

ನರಸಯ್ಯ ಜಗುಲಿಯಿಂದಲೇ ತೀರ್ಪು ಕೊಟ್ಟ. "ದೃಷ್ಟಿ ರಾಜಣ್ಣ. ನಿಮ್ಮ ಬಾಮೈದ ಪಕ್ಕದಲ್ಲೇ ಕೂತಿದ್ರಲ್ಲ."

ಮೂರನೆಯ ಅಪರಾಧಿ ಹೀಗೆ ಗೊತ್ತಾದ. ಆದರೆ ಬಾಮೈದನ ಕಣ್ಣನ್ನು ಫಿಲ್ಟರ್ ಪೇಪರಿನ ಮೇಲೆ ಹನಿ ಬಿಟ್ಟು ತೋರಿಸಲಾಗುವುದಿಲ್ಲವಲ್ಲ. ಅಂದು ಮಂಗಳವಾರ ಬೇರೆ. ಇಂಜಿನ್ನು ಕಷ್ಟದಲ್ಲಿರುವಾಗ ದೇವರ ವಾಹನಕ್ಕೆ ಕಡಿಮೆ ಮಾಡಬಾರದೆಂದು ಅನಂತರಾಜು ಸಿಲಿಂಡರಿಗೆ ಎರಡೆರಡು ಹಿಡಿ ಇಟ್ಟ. ಬುಧವಾರ ಬೆಳಿಗ್ಗೆ ಒಂದೂ ಇರಲಿಲ್ಲ. ಕಾರು ಮಾತ್ರ ಗೇಟು ದಾಟಲಿಲ್ಲ.

ಮನೆಯೊಳಗೆ ಗೌರಮ್ಮ ಹೆಬ್ಬಾಳದಿಂದೀಚೆಗೆ ಬಾಯಿ ಬಿಟ್ಟಿರಲಿಲ್ಲ. ಅವಳ ಬದಲಿಗೆ ಪಾತ್ರೆಗಳು ಮಾತಾಡುತ್ತಿದ್ದವು. ಲೋಟ ಇಟ್ಟರೆ ಟಕ್, ತಟ್ಟೆ ಇಟ್ಟರೆ ಧಡ್. ಅನಂತರಾಜು ಉಪ್ಪು ಕೇಳಿದರೆ ಉಪ್ಪಿನ ಜಾಡಿಯೇ ಬಂದು ಎದುರಿಗೆ ಕೂರುತ್ತಿತ್ತು. ಹೆಂಡತಿಯ ಬೈಗುಳಕ್ಕೆ ಗಂಡಸು ಉತ್ತರ ಹುಡುಕಬಹುದು, ತಟ್ಟೆಯ ಸದ್ದಿಗೆ ಏನು ಉತ್ತರ ಹೇಳುತ್ತಾನೆ?

ಭಾನುವಾರ ಬೆಳಿಗ್ಗೆ ಮುನಿರತ್ನನ ಆನೆ ಬಂದು ಬೀದಿಯ ತುದಿಯಲ್ಲಿ ನಿಂತಿತು. ಬೀದಿಯೊಳಕ್ಕೆ ಬರುವ ಕೊನೆಯ ತಿರುವಿನಲ್ಲಿ ಅದು ಯಾಕೋ ಎರಡು ಸಲ ಕೆಮ್ಮಿತು. ಆ ಕ್ಷಣಕ್ಕೆ ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ಅದರ ಹಿಂದೆ ಬಂದ ಟೆಂಪೋದ ಮೇಲಿತ್ತು. ಅದರಿಂದ ಗುಜರಿ ಅಬ್ರಾರ್ ಇಳಿದ. ಅವನ ಸೊಂಟದಲ್ಲಿ ಕಟಿಂಗ್ ಪ್ಲೇಯರು, ಹೆಗಲ ಮೇಲೆ ಹಗ್ಗ.

ಬೀದಿಯೆಲ್ಲ ಸೇರಿತು. ನರಸಯ್ಯನ ತಾಯಿಗೂ ಒಂದು ಕುರ್ಚಿ ಬಂತು. ಸುದ್ದಿ ಕೇಳಿ ಮುಜಫ್ಫರನೂ ಬಂದು ಒಂದು ಬದಿಗೆ ನಿಂತ. ಬೈಸಿಕೊಂಡಿದ್ದರೂ ಅವನಿಗೆ ಮನೆಯಲ್ಲಿ ಕೂರಲಾಗಿರಲಿಲ್ಲ.

ಅನಂತರಾಜು ಬಾನೆಟ್ಟಿಗೆ ಬೆನ್ನು ಕೊಟ್ಟು, ಪಂಚೆ ಎತ್ತಿ ಕಟ್ಟಿ ನಿಂತಿದ್ದ. "ಒಬ್ಬ ಕೆಟ್ಟ ಪೆಟ್ರೋಲ್ ಹಾಕ್ದ. ಒಬ್ಬ ಪಕ್ಕದಲ್ಲಿ ಕೂತು ಕಣ್ಣು ಹಾಕ್ದ. ಒಬ್ಬ ವಯಸ್ಸಾಯ್ತು ಅಂದ. ತಪ್ಪು ಎಲ್ಲಾರದ್ದು, ಗುಜರಿಗೆ ಹೋಗೋದು ನನ್ನ ಇಂಜಿನ್ನಾ? ಇದರಲ್ಲಿ ಹುಟ್ಟಿದ ಮಕ್ಕಳು ಈ ಬೀದೀಲಿ ನಿಂತಿದ್ದಾವೆ. ಕೇಳಿ ಅವನ್ನ."

ಮಕ್ಕಳು ಅಬ್ರಾರನ ಹಗ್ಗವನ್ನು ನೋಡುತ್ತಿದ್ದವು.

"ಭಾವ, ಗೌರಿ ಮುಂದೆ ಮಾತು ಕೊಟ್ಟಿದೀರಾ," ಎಂದ ಮುನಿರತ್ನ. ಅವನ ದನಿಯಲ್ಲಿ ಗೆದ್ದ ಸಂತೋಷ ಅಷ್ಟೇನೂ ಇರಲಿಲ್ಲ. ಆ ಕಾರಿನಲ್ಲೇ ಅವನ ತಾಯಿಯೂ ಆಸ್ಪತ್ರೆಗೆ ಹೋಗಿದ್ದಳು.

ಅನಂತರಾಜು ಗೌರಮ್ಮನ ಕಡೆ ನೋಡಿದ. ಅವಳು ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ಬೇಡ ಅನ್ನಲಿಲ್ಲ. ಅವನು ಮೆಲ್ಲಗೆ ಪಕ್ಕಕ್ಕೆ ಸರಿದ. ಕೊಟ್ಟ ಮಾತಿಗೆ ತಪ್ಪಿದವನೆಂದು ಅನಂತರಾಜುವನ್ನು ಯಾರೂ ಅಂದದ್ದಿಲ್ಲ.

ಅಬ್ರಾರ್ ಬಾನೆಟ್ ಎತ್ತಿದ. ಗುಜರಿಯವನಿಗೆ ಇಂಜಿನ್ನಿನ ಮುಖ ಯಾವುದು, ಮೂಗು ಯಾವುದು ಎಂಬ ಭೇದವಿಲ್ಲ. ಯಾವುದು ಪ್ಲಾಸ್ಟಿಕ್, ಯಾವುದು ಕಬ್ಬಿಣ ಎನ್ನುವುದಷ್ಟೇ ಅವನ ಲೆಕ್ಕ. "ಪ್ಲಾಸ್ಟಿಕ್ ಮೊದ್ಲು ತೆಗ್ದು ಬಿಡ್ತೀನಿ," ಎಂದವನೇ ಪ್ಲೇಯರಿನಿಂದ ಅರಿಶಿಣದ ದಾರವನ್ನು ಕತ್ತರಿಸಿದ.

"ಲೇ, ದಾರ," ಎಂದು ಅನಂತರಾಜು ಕೂಗುವುದಕ್ಕೂ ಅಬ್ರಾರ್ ಕ್ಲಿಪ್ಪು ಎಬ್ಬಿಸುವುದಕ್ಕೂ ಸರಿಹೋಯಿತು.

ಮುಚ್ಚಳ ತಾನಾಗಿಯೇ ಮೇಲೆದ್ದಿತು. ಒಳಗಿನಿಂದ ಕಡ್ಲೆಕಾಯಿ ಉಕ್ಕಿತು. ಇಂಜಿನ್ನಿನ ಮೇಲೆ, ಬಂಪರಿನ ಮೇಲೆ, ಅಬ್ರಾರನ ಚಪ್ಪಲಿಯ ಮೇಲೆ, ಕೊನೆಗೆ ಬೀದಿಯ ಮೇಲೆ ಗಲಗಲ ಸುರಿದು ರಾಶಿಯಾಯಿತು. ಮಂಗಳವಾರ ಮಂಗಳವಾರ ಇಟ್ಟದ್ದೆಲ್ಲ ಅಲ್ಲಿತ್ತು. ದೇವರ ವಾಹನ ಒಂದನ್ನೂ ತಿಂದಿರಲಿಲ್ಲ. ಡಬ್ಬಿಗೆ ಗಾಳಿ ಎಳೆಯುವ ಕೊಳವೆಯ ದಾರಿಯಲ್ಲಿ ಹೊತ್ತು ತಂದು, ಗಾಳಿ ಸೋಸುವ ಕಾಗದವನ್ನು ಹರಿದು ಮೆತ್ತೆ ಹಾಸಿ, ಕಷ್ಟಕಾಲಕ್ಕೆಂದು ಕೂಡಿಟ್ಟಿತ್ತು.

ನರಸಯ್ಯ ಬಗ್ಗಿ ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡ. "ಒಳ್ಳೇ ಕಾಯಿ. ಬೆಚ್ಚಗಿದ್ದು ಅರ್ಧ ಹುರಿದ ಹಾಗಾಗಿದೆ."

ಮುಜಫ್ಫರ್ ಡಬ್ಬಿಯನ್ನು ಖಾಲಿ ಮಾಡಿ, ಕೊಳವೆಯನ್ನು ಊದಿ, ಒಳಗೆ ಕೂತು ಕೀಲಿ ತಿರುಗಿಸಿದ. ಇಂಜಿನ್ನು ಮೊದಲ ಕೂಗಿಗೇ ಎದ್ದಿತು. ಬಾಗಿಲು, ಬಂಪರು, ನಂಬರ್ ಪ್ಲೇಟು ಎಲ್ಲ ಹಿಂದಿನಂತೆಯೇ ಗಡಗಡ ನಡುಗಿದವು. ಮಕ್ಕಳು ಚಪ್ಪಾಳೆ ತಟ್ಟಿದವು.

ಅನಂತರಾಜುವಿನ ಎದೆ ಉಬ್ಬಿತು. "ನೋಡಿದ್ರಾ? ಮೂಗಿನ ತುಂಬ ಕಡ್ಲೆಕಾಯಿ ಇಟ್ಕೊಂಡು, ಮೂರು ಜನರನ್ನ ಹೊತ್ಕೊಂಡು, ಹೆಬ್ಬಾಳದ ತನಕ ಬಂದಿದೆ. ಇನ್ಯಾವ ಇಂಜಿನ್ ಬರುತ್ತೆ ಹೇಳ್ರಿ? ತಪ್ಪು ಇಂಜಿನ್ನಿಂದಲ್ಲ ಅಂತ ನಾನು ಮೊದ್ಲಿಂದ ಹೇಳ್ತಾ ಇದ್ದೆ."

"ಇನ್ಯಾರ್ದು?" ಎಂದಿತು ಬಾಗಿಲಿನಿಂದ ಒಂದು ದನಿ. ಹೆಬ್ಬಾಳದ ಮೇಲೆ ನಿಂತುಹೋಗಿದ್ದ ದನಿ.

"ಇಲೀದು," ಎಂದ ಅನಂತರಾಜು.

"ಇಲೀಗೆ ಕೊಟ್ಟಿದ್ದು ಯಾರು?"

ಅನಂತರಾಜು ಬಂಕಿನ ದಿಕ್ಕಿಗೆ ನೋಡಿದ, ಮುಜಫ್ಫರನನ್ನು ನೋಡಿದ, ನರಸಯ್ಯನನ್ನು ನೋಡಿದ. ಯಾರೂ ನೆರವಿಗೆ ಬರಲಿಲ್ಲ. ಅವನು ಎತ್ತಿ ಕಟ್ಟಿದ್ದ ಪಂಚೆಯನ್ನು ಮೆಲ್ಲಗೆ ಇಳಿಬಿಟ್ಟ.

ಅಬ್ರಾರ್ ಹಗ್ಗ ಸುತ್ತುತ್ತ ಕೇಳಿದ. "ಅಕ್ಕಾ, ಟೆಂಪೋ ಖಾಲಿ ವಾಪಸ್ ಹೋಗಲ್ಲ. ಏನ್ ಒಯ್ಲಿ?"

ಗೌರಮ್ಮ ಮೊರದ ಸಮೇತ ಬೀದಿಗೆ ಇಳಿದಳು. "ಇಂಜಿನ್ ಏನೂ ತಪ್ಪು ಮಾಡಿಲ್ಲ, ಅದು ಇಲ್ಲೇ ಇರ್ಲಿ. ಮಾತು ಕೊಟ್ಟೋರೂ ಇವ್ರೇ, ಮೂಗು ಕಟ್ಟಿದ್ದೂ ಇವ್ರೇ. ಗೌರಿ ಮುಂದೆ ಆಣೆ ಬೇರೆ ಇದೆ. ಇವ್ರನ್ನೇ ಹತ್ತಿಸ್ಕೊಂಡು ಹೋಗಪ್ಪಾ. ತೂಕ ಹಾಕಿ ಏನ್ ಕೊಡ್ತೀಯೋ ಕೊಡು, ಬೇಡ ಅನ್ನಲ್ಲ."

ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನರಸಯ್ಯನ ತಾಯಿ ಕುರ್ಚಿಯಿಂದ ಜಾರುವುದರಲ್ಲಿದ್ದರು. ಅನಂತರಾಜುವಿಗೆ ಸಿಟ್ಟು ಬರಬೇಕಿತ್ತು, ಆದರೆ ಅದು ಎಷ್ಟು ಕೀಲಿ ತಿರುಗಿಸಿದರೂ ಸ್ಟಾರ್ಟ್ ಆಗಲಿಲ್ಲ.

ನಗದೆ ಇದ್ದವನು ಮುನಿರತ್ನ ಒಬ್ಬನೇ. ಅವನು ರಾಶಿಯನ್ನೊಮ್ಮೆ ನೋಡಿ, ಬೀದಿಯ ತುದಿಯಲ್ಲಿ ನಿಂತಿದ್ದ ತನ್ನ ಆನೆಯನ್ನೊಮ್ಮೆ ನೋಡಿ, ಯಾರಿಗೂ ಹೇಳದೆ ಆ ಕಡೆಗೆ ಹೆಜ್ಜೆ ಹಾಕಿದ. ಮೊದಲು ನಡೆದ, ಆಮೇಲೆ ಸ್ವಲ್ಪ ಓಡಿದ.

ಕಡ್ಲೆಕಾಯಿಯನ್ನು ಮೊರಕ್ಕೆ ಬಳಿದುಕೊಳ್ಳುತ್ತಿದ್ದ ಗೌರಮ್ಮ ತಲೆ ಎತ್ತದೆಯೇ ಕೂಗಿದಳು:

"ದೊಡ್ಡ ಪಾತ್ರೆ ತಗೊಂಡು ಹೋಗೋ ತಮ್ಮಾ. ನಿಂದು ನಾಲ್ಕು ಸಿಲಿಂಡರ್."